ಬಸುರಿ ತಪಾಸಣೆಗೆ ಗುಂಪಿನಲ್ಲಿ ಹೋಗಬೇಕೋ, ಒಬ್ಬರೇ ಹೋಗಬೇಕೋ?

ಅಮೆರಿಕಕ್ಕೆ ಹೊಸದಾಗಿ ಬಂದು ಬಸುರಿಯಾದವರು ಮೊದಲು ಕೇಳುವುದು, ಒಳ್ಳೆಯ ಡಾಕ್ಟರ್ ಯಾರು ಅಂತ. ಅದರ ಜೊತೆಗೆ ಕ್ಲಿನಿಕ್‌ಗೆ ಫೋನ್ ಮಾಡಿದಾಗ ‘ಗ್ರೂಪ್ ಪ್ರಿನೇಟಲ್ ಕೇರ್’, ಅಂದರೆ ಬಸುರಿಯರು ಗುಂಪಾಗಿ ಸೇರಿ ಮಾಡಿಸಿಕೊಳ್ಳುವ ತಪಾಸಣೆ, ಇದೆಯಾ ಎಂದೂ ಕೇಳಿ. ಕೆಲವು ಕಡೆ ಇದಕ್ಕೆ ‘ಸೆಂಟರಿಂಗ್’ ಎನ್ನುತ್ತಾರೆ. ಎಲ್ಲ ಕಡೆ ಇರುವುದಿಲ್ಲ, ಕೇಳದಿದ್ದರೆ ಎಷ್ಟೋ ಸಲ ಯಾರೂ ಹೇಳುವುದೂ ಇಲ್ಲ.

ಸಾಮಾನ್ಯ ತಪಾಸಣೆ ನಿಮಗೆ ಗೊತ್ತಿರುವಂಥದ್ದೇ. 28 ವಾರದವರೆಗೆ 4 ವಾರಕ್ಕೊಮ್ಮೆ, 36ರವರೆಗೆ 2 ವಾರಕ್ಕೊಮ್ಮೆ, ಆಮೇಲೆ ವಾರ ವಾರ. ಕಾಯುವುದೇ ಜಾಸ್ತಿ, ಡಾಕ್ಟರ್ ಎದುರು ಕೂರುವುದು ಸ್ವಲ್ಪ ಹೊತ್ತು. ಮನಸ್ಸಿನಲ್ಲಿದ್ದ ಪ್ರಶ್ನೆ ನೆನಪಾಗುವಷ್ಟರಲ್ಲಿ ಅವರು ಎದ್ದಿರುತ್ತಾರೆ.

ಗುಂಪಿನಲ್ಲಿ ಹೆರಿಗೆಯ ದಿನ ಹತ್ತಿರ ಹತ್ತಿರ ಇರುವ 8ರಿಂದ 12 ಜನ ಇರುತ್ತಾರೆ. ಒಟ್ಟು 10 ಸಲ ಸೇರುತ್ತಾರೆ, ಪ್ರತಿ ಸಲ ಒಂದೂವರೆಯಿಂದ ಎರಡು ಗಂಟೆ. ಒಳಗೆ ಹೋದ ಕೂಡಲೇ ನೀವೇ ತೋಳಿಗೆ ಪಟ್ಟಿ ಸುತ್ತಿಕೊಂಡು ಬಿಪಿ ನೋಡಿಕೊಳ್ಳುತ್ತೀರಿ, ತೂಕ ನೋಡಿ ನಿಮ್ಮ ಹಾಳೆಯಲ್ಲಿ ಬರೆಯುತ್ತೀರಿ. ಒಂದು ಮೂಲೆಯಲ್ಲಿ ಮ್ಯಾಟ್ ಹಾಸಿರುತ್ತಾರೆ. ಅಲ್ಲಿ ಒಬ್ಬೊಬ್ಬರನ್ನೇ ಕರೆದು ಹೊಟ್ಟೆ ಅಳೆದು, ಮಗುವಿನ ಎದೆಬಡಿತ ಕೇಳಿಸುತ್ತಾರೆ. ಉಳಿದ ಹೊತ್ತೆಲ್ಲ ಸುತ್ತ ಕೂತು ಮಾತು: ನಿದ್ದೆ, ನೋವು, ಹೆರಿಗೆ, ಹಾಲೂಡಿಸುವುದು. ಗಂಡನೋ ಇನ್ಯಾರೋ ಜೊತೆಗೆ ಬರಬಹುದು. ಮೊದಲ ತಪಾಸಣೆ, ಸ್ಕ್ಯಾನಿಂಗ್ ಮಾತ್ರ ಬೇರೆಯಾಗಿಯೇ ನಡೆಯುತ್ತವೆ.

ಇದರಿಂದ ಮಗುವಿಗೆ ಹೆಚ್ಚು ಒಳ್ಳೆಯದಾಗುತ್ತದಾ? ಅಷ್ಟು ಖಚಿತವಾಗಿ ಹೇಳಲು ಬರುವುದಿಲ್ಲ. 2007ರಲ್ಲಿ 1,047 ಹೆಂಗಸರ ಅಧ್ಯಯನವೊಂದು ಬಂತು, ಹೆಚ್ಚಿನವರು ಚಿಕ್ಕ ವಯಸ್ಸಿನವರು. ಗುಂಪಿನಲ್ಲಿದ್ದವರಲ್ಲಿ ಅವಧಿಗೆ ಮುಂಚೆ ಹೆರಿಗೆ ಶೇ. 9.8, ಒಬ್ಬೊಬ್ಬರೇ ಹೋದವರಲ್ಲಿ ಶೇ. 13.8. ಆಮೇಲೆ ದಕ್ಷಿಣ ಕೆರೊಲಿನಾದಲ್ಲಿ ಇನ್ನೂ ದೊಡ್ಡದಾಗಿ ನೋಡಿದಾಗ ಒಟ್ಟಾರೆ ಅಂಥ ವ್ಯತ್ಯಾಸ ಕಾಣಲಿಲ್ಲ. ಹಾಗಾಗಿ ಒಬ್ಬರೇ ಹೋದರೆ ಮಗುವಿಗೆ ಏನೋ ಕಮ್ಮಿಯಾಯಿತು ಅಂತ ಕೊರಗಬೇಡಿ.

ಆದರೂ ಇಲ್ಲಿ ಅಮ್ಮ, ಅಕ್ಕ ಯಾರೂ ಹತ್ತಿರ ಇಲ್ಲದವರಿಗೆ ನಾನು ಗುಂಪನ್ನೇ ಹೇಳುತ್ತೇನೆ. ನೀವು ಕೇಳಲು ಹಿಂಜರಿದ ಪ್ರಶ್ನೆಯನ್ನು ಪಕ್ಕದಲ್ಲಿ ಕೂತವಳು ಕೇಳಿಬಿಡುತ್ತಾಳೆ. ಬಾಣಂತನದ ರಾತ್ರಿಗಳಲ್ಲಿ ಮೆಸೇಜ್ ಮಾಡಲು ಅದೇ ಸ್ಥಿತಿಯಲ್ಲಿರುವ ನಾಲ್ಕು ಜನ ಸಿಗುತ್ತಾರೆ. ಇದು ಸಣ್ಣ ವಿಷಯ ಅಲ್ಲ ಅಲ್ವಾ?

ಇಂಗ್ಲಿಷ್ ಮಾತು ಕಷ್ಟವಾದರೆ ಗುಂಪಿನಲ್ಲಿ ಹಿಂದುಳಿದಂತೆ ಅನಿಸಬಹುದು. ಅಂಥವರಿಗೆ ಫೋನಿನಲ್ಲಿ ದುಭಾಷಿಯನ್ನು ಇಟ್ಟುಕೊಂಡು ಒಬ್ಬರೇ ಹೋಗುವುದೇ ಸಲೀಸು. ಕನ್ನಡದ ದುಭಾಷಿಯೇ ಬೇಕು ಎಂದು ಮುಂಚೆಯೇ ತಿಳಿಸಿ. ಅವಳಿ ಮಕ್ಕಳಿದ್ದರೆ, ಬಿಪಿ ಏರುತ್ತಿದ್ದರೆ ಹೆಚ್ಚುವರಿ ತಪಾಸಣೆ ಬೇಕಾಗುತ್ತದೆ. ಹಿಂದೆ ಮಗು ಕಳೆದುಕೊಂಡ ದುಃಖ, ಮನೆಯಲ್ಲಿ ಹೊಡೆತ ಬಡಿತ, ಇಂಥದ್ದನ್ನು ಎಲ್ಲರ ಮುಂದೆ ಹೇಳಲೇಬೇಕೆಂದಿಲ್ಲ. ‘ನಾನು ಒಬ್ಬಳೇ ಮಾತಾಡಬೇಕು’ ಎಂದರೆ ಸಾಕು.

ಸೇರುವ ಮುಂಚೆ ಇನ್ಶೂರೆನ್ಸ್ ವಿಷಯ ಕೇಳಿಕೊಳ್ಳಿ. ಹಿಡಿಸದಿದ್ದರೆ ಒಬ್ಬರೇ ಬರಲು ಬದಲಾಯಿಸಿಕೊಡುತ್ತೀರಾ ಎಂದೂ ಕೇಳಿ. ರಕ್ತಸ್ರಾವ, ತಡೆಯಲಾಗದ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಅಲುಗಾಟ ಕಮ್ಮಿಯಾಗುವುದು, ಇವುಗಳಲ್ಲಿ ಯಾವುದೇ ಇದ್ದರೂ ಮುಂದಿನ ಗುಂಪಿನ ದಿನಕ್ಕೆ ಕಾಯಬೇಡಿ. ರಾತ್ರಿಯಾಗಿದ್ದರೂ ಕೂಡಲೇ ಫೋನ್ ಮಾಡಿ.