ಎಕ್ಕೆ ಗಿಡ ಗುರುತಿಸಬೇಕಾ? ಬಣ್ಣ ಬಿಡಿ, ಎಸಳು ನೋಡಿ

ಗದಗ ಸೀಮೆಯ ರಸ್ತೆ ಬದಿ, ಹೊಲದ ಬದು, ಪಾಳು ಜಾಗ, ಎಲ್ಲಿ ನೋಡಿದರೂ ಎಕ್ಕೆ ಇದ್ದೇ ಇರುತ್ತದೆ. ಆದರೆ ಎಲ್ಲ ಎಕ್ಕೆಯೂ ಒಂದೇ ಅಲ್ಲ. ದೊಡ್ಡ ಹೂವಿನದು ಕ್ಯಾಲೊಟ್ರೋಪಿಸ್ ಜೈಗಾಂಟಿಯ, ಸಣ್ಣ ಹೂವಿನದು ಕ್ಯಾಲೊಟ್ರೋಪಿಸ್ ಪ್ರೊಸೆರಾ. ಸುಲಭಕ್ಕೆ ದೊಡ್ಡದು, ಸಣ್ಣದು ಅನ್ನೋಣ.

ಪೂಜೆಗೆ ಅಂತ ಎಲ್ಲರೂ ಹುಡುಕುವ ಬಿಳಿ ಎಕ್ಕೆ ಬೇರೆ ಜಾತಿ ಅಲ್ಲ. ದೊಡ್ಡ ಎಕ್ಕೆಯಲ್ಲೇ ತಿಳಿ ನೇರಳೆ ಹೂ ಬಿಡುವ ಗಿಡಗಳಿವೆ, ಬಿಳಿ ಬಿಡುವವೂ ಇವೆ, ಅಷ್ಟೇ. ಸಣ್ಣದರ ಎಸಳು ಬುಡದಲ್ಲಿ ಬಿಳಿ, ತುದಿಯಲ್ಲಿ ಮಾತ್ರ ಕಡು ನೇರಳೆ. ದೂರದಿಂದ ಅದೂ ಬೆಳ್ಳಗೇ ಕಾಣುತ್ತದಲ್ವಾ, ಗೊಂದಲ ಆಗೋದೇ ಅಲ್ಲಿ.

ಹತ್ತಿರ ಹೋಗಿ ಹೂವನ್ನು ಪಕ್ಕದಿಂದ ನೋಡಿ. ದೊಡ್ಡದರಲ್ಲಿ ಐದೂ ಎಸಳು ಹೊರಕ್ಕೆ ಚಾಚಿ, ಎಷ್ಟೋ ಸಲ ಹಿಂದಕ್ಕೆ ಬಾಗಿ, ನಡುವಿನ ಕಿರೀಟ ಒಂಟಿಯಾಗಿ ಎದ್ದು ನಿಂತಿರುತ್ತದೆ. ಸಣ್ಣದರಲ್ಲಿ ಎಸಳು ಮೇಲಕ್ಕೆ ನೆಟ್ಟಗಿದ್ದು, ಕಿರೀಟ ಬಟ್ಟಲೊಳಗೆ ಕೂತಂತೆ ಕಾಣುತ್ತದೆ. ಫೋಟೋ ತೆಗೆಯುವವರು ಸುಮ್ನೆ ಮೇಲಿಂದ ಒಂದು ಕ್ಲಿಕ್ ಮಾಡಿ ಬರಬೇಡಿ, ಈ ವ್ಯತ್ಯಾಸ ಅದರಲ್ಲಿ ಸರಿಯಾಗಿ ಸಿಗೋದಿಲ್ಲ. ಹೂ ಅರಳಿಲ್ಲವಾ? ಮೊಗ್ಗು ನೋಡಿ. ದೊಡ್ಡದರ ಮೊಗ್ಗು ಮೊಟ್ಟೆಯಂತೆ ಉದ್ದ, ಸಣ್ಣದರದು ಹೆಚ್ಚು ಗುಂಡಗೆ.

ಎಲೆ ನೋಡಿ ಹೇಳುತ್ತೇನೆ ಅನ್ನುವವರನ್ನು ನಾನು ನಂಬೋದಿಲ್ಲ. ಎರಡರದ್ದೂ ದಪ್ಪ, ಬೂದು ಹಸಿರು, ತೊಟ್ಟು ಇದ್ದೂ ಇಲ್ಲದ ಹಾಗೆ. ರಥಸಪ್ತಮಿ ಸ್ನಾನಕ್ಕೆ ಎಲೆ ಕೀಳಲು ಹೋದವರು ಯಾವುದು ಸಿಕ್ಕಿತೋ ಅದನ್ನೇ ತರುತ್ತಾರೆ.

ಮುರಿದರೆ ಎರಡರಲ್ಲೂ ಹಾಲು ಬರುತ್ತದೆ, ಅದರ ವಿಷಯದಲ್ಲಿ ಮಾತ್ರ ಹುಷಾರು. ಆ ಕೈಯಲ್ಲಿ ಕಣ್ಣು ಉಜ್ಜಿಕೊಂಡರೆ ಮೊದಲು ನೋವೇ ಗೊತ್ತಾಗದೆ ಇರಬಹುದು, ಆಮೇಲೆ ದೃಷ್ಟಿ ಮಂಜಾಗುತ್ತದೆ. ಕಣ್ಣಿಗೆ ತಾಗಿದರೆ ತಕ್ಷಣ ನೀರು ಬಿಟ್ಟು ಚೆನ್ನಾಗಿ ತೊಳೆಯಿರಿ, ನೋವಿಲ್ಲ ಅಂತ ಸುಮ್ಮನಾಗದೆ ಕಣ್ಣಿನ ಡಾಕ್ಟರಿಗೆ ತೋರಿಸಿ. ಎಲೆ ಮೇಲೆ ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳು ಕಂಡರೆ ಔಷಧಿ ಹೊಡೆಯಬೇಡಿ. ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಎಕ್ಕೆ ಎಲೆಯೇ ಅದರ ಊಟ.

ಬಿಳಿ ಎಕ್ಕೆಯೇ ಬೇಕು ಅನ್ನುವವರು ಹೂವಿಲ್ಲದ ಸಸಿಗೆ ಜಾಸ್ತಿ ದುಡ್ಡು ಕೊಡಬೇಡಿ. ಬೀಜದ ಸಸಿ ಬಿಳಿ ಹೂವನ್ನೇ ಬಿಡುತ್ತದೆ ಅನ್ನೋ ಖಾತ್ರಿಯೂ ಇಲ್ಲ. ಬಿಳಿ ಹೂ ಬಿಟ್ಟಿರುವ ಗಿಡದಿಂದಲೇ ಬಲಿತ ಕಡ್ಡಿ ತಂದು, ಹಾಲು ಒಣಗಲು ಒಂದೆರಡು ದಿನ ನೆರಳಲ್ಲಿಟ್ಟು, ನೀರು ನಿಲ್ಲದ ಮಣ್ಣಲ್ಲಿ ನೆಡಿ.