ಸೊಟ್ಟ ಹಿತ್ತಲನ್ನು ಅಳೆಯುವುದು ಹೇಗೆ

ಅಕ್ಕ ತನ್ನ ಮನೆ ಪಕ್ಕದ ಹಿತ್ತಲನ್ನು ಕೊಳ್ಳಲು ಹೊರಟಾಗ ಮಾರುವವರು "ಹತ್ತಿರ ಹತ್ತಿರ ಮೂರು ಗುಂಟೆ" ಎಂದರು. ನಾಲ್ಕು ಬದಿಗಳನ್ನೂ ಟೇಪು ಹಿಡಿದು ಅಳೆದಿದ್ದರು: ಸುತ್ತ ಬಂದಂತೆ 70, 75, 60, 25 ಅಡಿ. ಎದುರುಬದುರು ಬದಿಗಳನ್ನು ಕೂಡಿ ಅರ್ಧ ಮಾಡಿದರೆ 65 ಮತ್ತು 50. ಗುಣಿಸಿದರೆ 3,250 ಚದರಡಿ. ಗುಂಟೆಗೆ 1,089 ಚದರಡಿಯಂತೆ ಅವರ ಮಾತು ಸರಿಯೇ. ಮೋಸವೇನೂ ಇಲ್ಲ, ಅವರ ಅಪ್ಪನೂ ಹೀಗೇ ಅಳೆಯುತ್ತಿದ್ದರಂತೆ. ಆದರೆ ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವ ನನಗೆ ಸುಮ್ಮನಿರಲಾಗಲಿಲ್ಲ.

ಈ ಲೆಕ್ಕ ಆಯತಕ್ಕೆ ಮಾತ್ರ ಸರಿ. ಮೊಳೆ ಸಡಿಲಾದ ಕಿಟಕಿಯ ಚೌಕಟ್ಟನ್ನು ಓರೆಯಾಗಿ ತಳ್ಳಿ ನೋಡಿ. ನಾಲ್ಕು ಪಟ್ಟಿಗಳ ಉದ್ದ ಹಾಗೇ ಇರುತ್ತದೆ, ಒಳಗಿನ ಜಾಗ ಕುಗ್ಗುತ್ತದೆ. ಹಾಗಾಗಿ ಸೊಟ್ಟ ಜಾಗಕ್ಕೆ ಈ ಲೆಕ್ಕ ಯಾವಾಗಲೂ ಹೆಚ್ಚೇ ತೋರಿಸುತ್ತದೆ, ನಷ್ಟ ಕೊಳ್ಳುವವರಿಗೆ. ಬ್ರಹ್ಮಗುಪ್ತ ಕ್ರಿ.ಶ. 628ರಲ್ಲೇ ಇದನ್ನು ಸ್ಥೂಲ ಎಂದು ಬೇರೆ ಇಟ್ಟ. ಅಮೋಘವರ್ಷ ನೃಪತುಂಗನ ಕಾಲದ ನಮ್ಮ ಮಹಾವೀರಾಚಾರ್ಯನೂ ಕ್ಷೇತ್ರಗಣಿತದಲ್ಲಿ ವ್ಯಾವಹಾರಿಕ ಲೆಕ್ಕ ಬೇರೆ, ಸೂಕ್ಷ್ಮ ಲೆಕ್ಕ ಬೇರೆ ಎಂದೇ ವಿಂಗಡಿಸಿದ.

ಸೂಕ್ಷ್ಮ ಲೆಕ್ಕಕ್ಕೆ ಐದನೆಯ ಅಳತೆಯೊಂದು ಬೇಕು, ಕರ್ಣ. ಮೂಲೆಯಿಂದ ಎದುರು ಮೂಲೆಗೆ ಟೇಪು ಎಳೆದರೆ ಜಾಗ ಎರಡು ತ್ರಿಭುಜವಾಗುತ್ತದೆ. ನಮಗೆ ಅಡ್ಡ ಬಂದದ್ದು ಹಲಸಿನ ಮರ. ಆದರೆ 60 ಮತ್ತು 25 ಅಡಿಯ ಬದಿಗಳು ಸೇರುವ ಮೂಲೆ ಮೂಲೆಮಟ್ಟಕ್ಕೆ ಇದ್ದಂತೆ ಕಂಡಿತು. ಕಣ್ಣನ್ನು ನಂಬಬೇಡಿ, ಗಾರೆಯವರ ಉಪಾಯ ಮಾಡಿ: ಮೂಲೆಯಿಂದ ಒಂದು ಬದಿಯಲ್ಲಿ 6 ಅಡಿಗೆ, ಇನ್ನೊಂದರಲ್ಲಿ 8 ಅಡಿಗೆ ಗೂಟ ಹೊಡೆಯಿರಿ. ಗೂಟಗಳ ನಡುವೆ ಸರಿಯಾಗಿ 10 ಅಡಿ ಬಂದರೆ ಅದು ಲಂಬಕೋನ. ನಮಗೆ ಬಂತು. ಇನ್ನು ಮರದ ಗೊಡವೆಯಿಲ್ಲ. 25ರ ವರ್ಗ 625, 60ರ ವರ್ಗ 3,600, ಕೂಡಿದರೆ 4,225. ಅದರ ವರ್ಗಮೂಲ 65 ಅಡಿಯೇ ಕರ್ಣ.

ಲಂಬಕೋನದ ತ್ರಿಭುಜದ ವಿಸ್ತೀರ್ಣ 25 × 60ರ ಅರ್ಧ, 750 ಚದರಡಿ. ಇನ್ನೊಂದರ ಬದಿಗಳು 70, 75, 65. ಅಲ್ಲಿ ಲಂಬಕೋನವಿಲ್ಲ, ಹೆರಾನನ ಸೂತ್ರ ಬೇಕು. ಮೂರನ್ನೂ ಕೂಡಿ ಅರ್ಧ ಮಾಡಿದರೆ 105. ಅದರಿಂದ ಒಂದೊಂದೇ ಬದಿ ಕಳೆದರೆ 35, 30, 40. ನಾಲ್ಕನ್ನೂ ಗುಣಿಸಿದರೆ 44,10,000, ವರ್ಗಮೂಲ 2,100. ಒಟ್ಟು 2,850 ಚದರಡಿ, ಅಂದರೆ ಎರಡೂವರೆ ಗುಂಟೆಗೆ ತುಸು ಮೇಲೆ. 400 ಚದರಡಿ ವ್ಯತ್ಯಾಸ! ಹದಿನಾರಾಣೆಗೆ ಗುಂಟೆಯಂತೆ ಸುಮಾರು ಆರಾಣೆ. ಕಾಗದದ ಮೇಲೆ ಬರೆದು ತೋರಿಸಿದೆ. ಮಾರುವವರು ಎರಡು ಸಲ ಓದಿ ಒಪ್ಪಿಕೊಂಡರು, ಅದಕ್ಕೆ ನನಗೆ ಅವರ ಮೇಲೆ ಗೌರವವಿದೆ. (ನೋಂದಣಿಗೆ ಸರ್ವೆಯರ್ ಅಳತೆಯನ್ನೇ ಮಾಡಿಸಿ. ಇದು ಮಾತುಕತೆಗೆ ಮುಂಚಿನ ಲೆಕ್ಕ.)

ಬೇಲಿಗೆ ಸುತ್ತಳತೆ ಸಾಕು: 70, 75, 60, 25 ಕೂಡಿ 230 ಅಡಿ. ಮೂರೆಳೆ ತಂತಿಗೆ 690 ಅಡಿ. ಕಂಬದ ವಿಷಯದಲ್ಲಿ ಮಾತ್ರ ಎಚ್ಚರ. ಹತ್ತಡಿಗೊಂದರಂತೆ 23 ಎಂದು ತರಬೇಡಿ. ಪ್ರತಿ ಮೂಲೆಯಲ್ಲೂ ಕಂಬ ನಿಲ್ಲಬೇಕು, 75ಕ್ಕೆ ಎಂಟು ಅಂಕಣ, 25ಕ್ಕೆ ಮೂರು. 7, 8, 6, 3 ಕೂಡಿದರೆ 24 ಕಂಬ.