ಪ್ರಾಣಿ ಕಾನೂನಿನ ಕ್ಲಾಸು ಮೇವಿನ ಬಿಲ್ಲಿನಿಂದ ಶುರುವಾದದ್ದು

‘ಈ ವಿಷಯ ಓದಿದವರಿಗೆ ಫೀಸು ಕೊಡೋರು ಯಾರು?’ ಸ್ಟಾಫ್ ರೂಮಿನಲ್ಲಿ ಈ ಮಾತು ವರ್ಷಗಟ್ಟಲೆ ಕೇಳಿದ್ದೇನೆ. ಈಗ ಅದೇ ಪ್ರಾಣಿ ಕಾನೂನು ಅನ್ನೋ ಐಚ್ಛಿಕ ವಿಷಯಕ್ಕೆ ಸೀಟು ಸಾಲುತ್ತಿಲ್ಲ. ಬೇರೆ ಲಾ ಕಾಲೇಜಿನ ಗೆಳೆಯರು ಹೇಗಾಯ್ತು ಅಂತ ಕೇಳುತ್ತಿದ್ದಾರೆ, ಅದಕ್ಕೇ ಬರೆಯುತ್ತಿದ್ದೇನೆ.

ಮೊದಲ ಒಂದೆರಡು ಬ್ಯಾಚಿಗೆ ಪ್ರಾಣಿಗಳ ನೋವೂ ಲೆಕ್ಕಕ್ಕೆ ಬರಬೇಕು ಅಂದ ತತ್ವಜ್ಞಾನಿಗಳಾದ ಬೆಂಥಾಮ್, ಪೀಟರ್ ಸಿಂಗರ್ ಅಂತ ನೀತಿಶಾಸ್ತ್ರದಿಂದ ಶುರು ಮಾಡಿದ್ದೆ. ತಿಂಗಳೊಳಗೆ ಅರ್ಧ ಬೆಂಚು ಖಾಲಿ. ಉಳಿದವರದು ಮಾಂಸ ತಿನ್ನಬೇಕೋ ಬೇಡವೋ ಅನ್ನೋ ಜಗಳ.

ಆಮೇಲೆ ಕ್ರಮ ತಿರುಗಿಸಿದೆ. ಮೊದಲ ದಿನ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ ಮಾತ್ರ. ಎತ್ತಿಗೆ ಹೊಡೆದರೂ ಅಷ್ಟೇ, ಮೇವು ಹಾಕದೆ ಕಟ್ಟಿದರೂ ಅಷ್ಟೇ, ಮೊದಲ ಸಲಕ್ಕೆ ದಂಡ 10ರಿಂದ 50 ರೂಪಾಯಿ. ಅದರ ಪಕ್ಕಕ್ಕೆ ಗೋಶಾಲೆಯ ಒಂದು ಬಿಲ್ ಇಡುತ್ತೇನೆ. ಜಪ್ತಿಯಾದ ದನಗಳದ್ದು. ಒಣಹುಲ್ಲು, ಹಿಂಡಿ, ಡಾಕ್ಟರ ಫೀಸು, ಸುಣ್ಣದ ಪುಡಿ, ಎಲ್ಲ ಪೆನ್ಸಿಲ್‌ನಲ್ಲಿ ಬರೆದದ್ದು. ದನವೊಂದಕ್ಕೆ ದಿನಕ್ಕೆ ನೂರೈವತ್ತರ ಹತ್ತಿರ ಅಂತ ನೆನಪು. ಕೇಸು ಮುಗಿಯೋವರೆಗೆ ಈ ದುಡ್ಡು ಕಟ್ಟಬೇಕಾದವರು ಯಾರು? ಹುಡುಗರು ತಾವೇ 2017ರ ಜಪ್ತಿ ಪ್ರಾಣಿಗಳ ನಿಯಮ ಹುಡುಕುತ್ತಾರೆ. ಆರೋಪಿಯಿಂದ ಖರ್ಚಿಗೆ ಬಾಂಡ್ ಬರೆಸುವ ಅರ್ಜಿಯನ್ನು ಅದೇ ವಾರ ಕನ್ನಡದಲ್ಲಿ ಬರೆಯುತ್ತಾರೆ. ನೀತಿಯ ಪ್ರಶ್ನೆ ಅಲ್ಲಿಂದ ತಾನಾಗೇ ಏಳುತ್ತದೆ.

ನಮ್ಮದು ಕರಾವಳಿ, ಹಾಗಾಗಿ ಮುಂದಿನ ಪಾಠ ಕಂಬಳ. ಜಲ್ಲಿಕಟ್ಟು ನಿಷೇಧಿಸಿದ ಸುಪ್ರೀಂ ಕೋರ್ಟಿನ 2014ರ ನಾಗರಾಜ ತೀರ್ಪು, ಕಂಬಳಕ್ಕೆ ಅವಕಾಶ ಕೊಟ್ಟ 2017ರ ನಮ್ಮ ರಾಜ್ಯದ ತಿದ್ದುಪಡಿ, 2023ರ ಮೇನಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಆ ತಿದ್ದುಪಡಿಯನ್ನು ಎತ್ತಿಹಿಡಿದದ್ದು ನಿಮಗೆ ಗೊತ್ತೇ ಇದೆ. ಮನೆಯಲ್ಲಿ ಕೋಣ ಸಾಕಿದವನು ಕಂಬಳದ ವಿರುದ್ಧ ವಾದಿಸಬೇಕು. ಒಬ್ಬ ಹುಡುಗ ಬೆತ್ತದ ಬಾಸುಂಡೆ ಕೋಣದ ಮೈಮೇಲೆ ಎಲ್ಲೆಲ್ಲಿ ಏಳುತ್ತದೆ, ಅದಕ್ಕೆ ಅಪ್ಪ ಏನು ಹಚ್ಚುತ್ತಾರೆ ಅಂತ ಹೇಳಿದಾಗ ಇಡೀ ಕ್ಲಾಸು ಕಿವಿಗೊಟ್ಟಿತು. ಪುಸ್ತಕ ಓದಿ ಬರುವ ವಾದವಲ್ಲ ಅದು. ಯಾರು ಯಾವ ಕಡೆ ವಾದಿಸಬೇಕು ಅಂತ ಹಂಚುವುದು ಚೀಟಿ ಎತ್ತಿ. ಸರಿಯಾದವನಿಗೇ ಸರಿಯಾದ ಚೀಟಿ ಹೇಗೆ ಹೋಗುತ್ತದೆ ಅನ್ನೋ ಗುಟ್ಟು ನನ್ನಲ್ಲೇ ಇರಲಿ.

ದುಡ್ಡಿನ ವಿಷಯ. ಗೋಶಾಲೆಗೆ ಹೋಗಿಬರಲು ಟೆಂಪೋ ಟ್ರಾವೆಲರ್‌ಗೆ ಐದಾರು ಸಾವಿರ. ಆಗ ನಾನು ಅತಿಥಿ ಉಪನ್ಯಾಸಕ, ಬೇಸಿಗೆಯಲ್ಲಿ ಸಂಬಳವೇ ಇಲ್ಲ. ಆದರೂ ಕೈಯಿಂದಲೇ ಹಾಕಿದೆ. ಈಗ ಕಾಲೇಜೇ ಕೊಡುತ್ತದೆ.

ನಡುವೆ ಬೀದಿನಾಯಿಗಳ ಕಡೆಗೂ ಹೋದೆವು. 2023ರ ಪ್ರಾಣಿ ಜನನ ನಿಯಂತ್ರಣ ನಿಯಮದ ಪ್ರಕಾರ ನಾಯಿಗಳಿಗೆ ಊಟ ಹಾಕುವ ಜಾಗ ಗುರುತಿಸಲು ಎರಡು ಅಪಾರ್ಟ್‌ಮೆಂಟಿನವರನ್ನು ಕೂರಿಸಿ ಮಾತಾಡಿಸಿದೆವು. ಒಂದು ಕಡೆ ಒಪ್ಪಂದವಾಯ್ತು, ಇನ್ನೊಂದು ಕಡೆ ಗೇಟಿನಲ್ಲೇ ವಾಪಸ್. ಅದನ್ನು ಇನ್ನೂ ಬಿಟ್ಟಿಲ್ಲ.

ನೀವೂ ಮಾಡುವುದಾದರೆ ಬಿಲ್ ನಿಮ್ಮ ತಾಲೂಕಿನದ್ದೇ ತನ್ನಿ. ಹೆಸರು, ಕೇಸ್ ನಂಬರ್ ಅಳಿಸಿ ಹಂಚಿ, ವಿಚಾರಣೆ ಇನ್ನೂ ನಡೆಯುತ್ತಿರಬಹುದು.